ವಯಸ್ಸಿಗೆ ತಕ್ಕ ಪ್ರಸಾದ



ಹೊಸೂರು, ಕೃಷ್ಣಗಿರಿ ಸೀಮೆಯ ಹೊಲಗಳಲ್ಲಿ ದುಡಿದು ಮೂರು ಹೊತ್ತೂ ರಾಗಿಮುದ್ದೆ ಅರಗಿಸಿಕೊಂಡವರೇ ಅರವತ್ತು ದಾಟಿದ ಮೇಲೆ ಅರ್ಧ ಮುದ್ದೆಗೆ ಕೈ ತೊಳೆಯುವುದನ್ನು ನಾವು ಕಾಣುತ್ತೇವೆ. ಮುನಿಸೆಂದು ಮಕ್ಕಳು ಗದರಬಾರದು. ದುಡಿಮೆ ತಗ್ಗಿದಂತೆ ಹಸಿವೂ ತಗ್ಗುತ್ತದೆ. ಆದರೆ ಮೈಕಟ್ಟು ಕರಗುವ ಆ ವಯಸ್ಸಿನಲ್ಲಿ ಬೇಳೆಕಾಳು, ಹಾಲು ಕಡಿಮೆಯಾಗಬಾರದು. ಒಂದೇ ಸಲ ತಟ್ಟೆ ತುಂಬಿಸದೆ ಮೆತ್ತಗಿನ ಮುದ್ದೆ, ಹುರುಳಿ ಸಾರು, ಮಜ್ಜಿಗೆ ಎಂದು ನಾಲ್ಕೈದು ಸಲ ಸ್ವಲ್ಪಸ್ವಲ್ಪ ಕೊಡೋಣ. ಬಾಯಾರಿಕೆಯೂ ಮಂದವಾಗುವುದರಿಂದ ಕೇಳುವ ಮೊದಲೇ ನೀರು ಕೊಡೋಣ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಶಿವರಾತ್ರಿಯ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಲಿ.

ಹಿರಿಯರು ಸೊಸೆಯ ಬಳಿ ಬಾಯಿಬಿಟ್ಟು ಕೇಳಲು ಸಂಕೋಚಪಡುತ್ತಾರೆ. ಮಠದ ಪಂಕ್ತಿಯಲ್ಲಿ ನೂರಾರು ಜನಕ್ಕೆ ಬಡಿಸಿ, ಮನೆಯ ಮೂಲೆಯಲ್ಲಿ ಹೆತ್ತವರನ್ನು ಹಸಿದಿರಿಸಿದರೆ ದಾಸೋಹ ಹೇಗಾದೀತು? ಬಸವಣ್ಣನವರು ತೋರಿದ ದಾಸೋಹ ನಮ್ಮ ಮನೆಯಿಂದಲೇ ಆರಂಭವಾಗಲಿ.