ಕತ್ತಲಲ್ಲಿ ಕೂತು ನೋಡುವುದು

ಸ್ಟೀವ್ ಮೆಕ್ವೀನ್ ಅವರ 'ವೆಸ್ಟರ್ನ್ ಡೀಪ್' (2002) ಶುರುವಾಗೋದೇ ಕತ್ತಲಲ್ಲಿ. ದಕ್ಷಿಣ ಆಫ್ರಿಕಾದ ಟೌಟೋನಾ ಚಿನ್ನದ ಗಣಿಯೊಳಕ್ಕೆ ಲಿಫ್ಟ್ ಇಳೀತಾ ಇರುತ್ತೆ. ಬಹಳ ಹೊತ್ತು ಗಡಗಡ ಸದ್ದೇ ಹೆಚ್ಚು, ಕಾಣೋದು ಕಡಿಮೆ. ಮುಂದೆ ಒಂದು ಕಡೆ, ಚಡ್ಡಿ ತೊಟ್ಟ ಕಾರ್ಮಿಕರು ಸಾಲಾಗಿ ನಿಂತು ಬಜರ್ ಸದ್ದಿಗೆ ಮೆಟ್ಟಿಲು ಹತ್ತಿ ಇಳೀತಾರೆ. ಯಾಕೆ ಅಂತ ಯಾರೂ ವಿವರಿಸಲ್ಲ. ನೋಡೋಕೆ ಚೆಂದ, ಮುಜುಗರ ಆಗೋದೂ ಅದಕ್ಕೇ. ಅವರ ದಣಿವು ನಮ್ಮ ವೀಕೆಂಡ್ ಗ್ಯಾಲರಿಯ ಸೊಗಸು ಆಗಬಹುದಾ?

ಆಗಬಹುದು ಅಂತೀನಿ, ನೋಡುವವರಿಗೂ ಒಂದಿಷ್ಟು ಉಸಿರು ಕಟ್ಟಿದರೆ. ಆ ಕತ್ತಲು ಮಾಡೋದು ಅದನ್ನೇ.

2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಯೂ 3 ಕಿಲೋಮೀಟರಿಗಿಂತ ಆಳ. (ಕೆಜಿಎಫ್ ಅಂದ್ರೆ ನಮಗೆ ಯಶ್ ಸಿನಿಮಾ, ಇರಲಿ.) ಪರಂಪರೆಯ ಮಾತು ಬಂದರೆ ಶಿವನಸಮುದ್ರದಿಂದ 1902ರಲ್ಲೇ ಅಲ್ಲಿಗೆ ಕರೆಂಟ್ ಬಂದಿದ್ದನ್ನ ಹೊಗಳ್ತೀವಿ. ಕಲ್ಲಿನ ಧೂಳಿಗೆ ಶ್ವಾಸಕೋಶ ಕೊಟ್ಟವರ ಕೆಮ್ಮು ಮಾತ್ರ ಆ ಹೊಗಳಿಕೆಯಲ್ಲಿ ಕೇಳಿಸಲ್ಲ.