ಇನ್ನೊಂದು ವರುಷದ ಗೊಬ್ಬರ



ಮುಪ್ಪನ್ನು ತಡೆಯಲು ಹೊರಡುವುದು ದೇವರ ಕೆಲಸದಲ್ಲಿ ಕೈಯಾಡಿಸಿದಂತೆಯೇ? ಹಾಗೆ ಹೊರಟವರಿಗೆ ಹಣ ಕೊಡುವುದು ಸರಿಯೇ? ವಿಜ್ಞಾನಿಗಳಿಗೆ ಬಿಟ್ಟ ವಿಷಯವೆಂದು ಪುಟ ತಿರುಗಿಸಬೇಡಿ. ಜಗುಲಿಯ ಮೇಲೆ ಕಂಬಳಿ ಹೊದ್ದು ಕುಳಿತ ನಿಮ್ಮ ತಂದೆಗೂ, ಹೆತ್ತ ಮಗನನ್ನೇ 'ಯಾರಪ್ಪಾ ನೀನು?' ಎಂದು ಕೇಳುವ ತಾಯಿಗೂ ಸಂಬಂಧಪಟ್ಟ ಪ್ರಶ್ನೆಗಳಿವು.

ಗುಂಡ್ಲುಪೇಟೆ ಕಡೆಯವರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಪರಿಚಯ ಬೇಕಾಗಿಲ್ಲ. ಬಂಡೀಪುರದ ಕಾಡಿನಲ್ಲಿ, 1454 ಮೀಟರ್ ಎತ್ತರದಲ್ಲಿ, ಮಂಜು ಹೊದ್ದು ನಿಂತ ಬೆಟ್ಟವದು. ಅಲ್ಲಿನ ಹಂಸತೀರ್ಥದ ಬಗ್ಗೆ ನಮ್ಮ ಹಿಂದೂ ಸೋದರರಲ್ಲಿ ಒಂದು ಐತಿಹ್ಯವಿದೆ. ಕಾಗೆಯೊಂದು ಆ ಕೊಳದಲ್ಲಿ ಮಿಂದು ಹಂಸವಾಗಿ ಮೇಲೆದ್ದಿತಂತೆ. ಅಂದಿನಿಂದ ಬೆಟ್ಟದ ಮೇಲೆ ಕಾಗೆಗಳೇ ಸುಳಿಯುವುದಿಲ್ಲವಂತೆ. ಹಳೆಯ ಮೈ ಕಳಚಿ ಹೊಸ ಮೈ ಪಡೆಯುವ ಆಸೆ ಎಲ್ಲ ಜನರ ಕಥೆಗಳಲ್ಲೂ ಇದೆ. ನಮ್ಮ ಬೈಬಲ್ ಗ್ರಂಥ ಮಾತ್ರ ಈ ವಿಷಯದಲ್ಲಿ ಸ್ವಲ್ಪ ಕಠಿಣವೇ ಸರಿ. ದಾವೀದ ಅರಸ ಮುದುಕನಾದಾಗ ಎಷ್ಟು ಹೊದಿಸಿದರೂ ಮೈ ಬೆಚ್ಚಗಾಗಲಿಲ್ಲ. ಸೇವಕರು ನಾಡೆಲ್ಲ ಹುಡುಕಿ ಒಬ್ಬ ಯುವತಿಯನ್ನು ಆರೈಕೆಗೆ ಕರೆತಂದರು. ಗೋಲಿಯಾತನನ್ನು ಕೆಡವಿದ ವೀರನ ಕೊನೆಯ ದಿನಗಳು ಹಾಗೆ ಚಳಿಯಲ್ಲಿ ಕಳೆದವು. ಅವನಿಗೆ ಯಾವ ಕೊಳವೂ ಸಿಗಲಿಲ್ಲ.

ಇಂದು ಜನ ಹುಡುಕುತ್ತಿರುವುದು ಕೊಳದಲ್ಲಲ್ಲ, ಜೀವಕೋಶದಲ್ಲಿ. ನಮ್ಮ ಮೈಯ ಸಾಮಾನ್ಯ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಅವು ಸುಮಾರು ಐವತ್ತು ಸಲ ಒಡೆದು ಎರಡಾಗಿ, ಆಮೇಲೆ ನಿಂತುಬಿಡುತ್ತವೆ ಎಂದು 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದರು. 1993ರಲ್ಲಿ ಸಿಂಥಿಯಾ ಕೆನ್ಯನ್ ಮತ್ತು ಸಂಗಡಿಗರು ಮಣ್ಣಿನ ಒಂದು ಸಣ್ಣ ಹುಳುವಿನಲ್ಲಿ ಒಂದೇ ಒಂದು ವಂಶವಾಹಿ ಬದಲಾದರೆ ಅದರ ಆಯುಷ್ಯ ಇಮ್ಮಡಿಯಾಗುತ್ತದೆ ಎಂದು ಕಂಡರು. ಈಸ್ಟರ್ ದ್ವೀಪದ ಮಣ್ಣಿನಲ್ಲಿ ದೊರೆತ ರಾಪಮೈಸಿನ್ ಎಂಬ ಔಷಧಿಯನ್ನು ಆಗಲೇ ಮುದಿಯಾಗಿದ್ದ ಇಲಿಗಳಿಗೆ ತಿನ್ನಿಸಿದಾಗ ಅವೂ ಹೆಚ್ಚು ಕಾಲ ಬದುಕಿದವೆಂದು 2009ರಲ್ಲಿ ಪ್ರಕಟವಾಯಿತು. ಇಲಿಗೆ ಆದದ್ದೆಲ್ಲ ಮನುಷ್ಯನಿಗೆ ಆಗುವುದಿಲ್ಲ, ನಿಜ. ಆದರೆ ಮುಪ್ಪು ಕಲ್ಲಿನ ಮೇಲೆ ಬರೆದ ಶಾಸನವಲ್ಲ ಎಂಬುದಂತೂ ಇವುಗಳಿಂದ ತಿಳಿಯಿತು.

ಇಂಥ ಕೆಲಸಕ್ಕೆ ಹಣ ಎಲ್ಲಿಂದ ಬರುತ್ತದೆ? ಇಲ್ಲೊಂದು ತೊಡಕಿದೆ. ದೊಡ್ಡ ಅನುದಾನ ಕೊಡುವವರು 'ಇದು ಫಲಿಸೀತೆಂಬ ಕುರುಹು ತೋರಿಸು' ಎನ್ನುತ್ತಾರೆ. ಕುರುಹು ತೋರಿಸಲು ಪ್ರಯೋಗ ಮಾಡಬೇಕು, ಪ್ರಯೋಗಕ್ಕೆ ಹಣ ಬೇಕು. ಹೆಸರು ಮಾಡದ ಕಿರಿಯ ಸಂಶೋಧಕ ಈ ಬಾಗಿಲಲ್ಲೇ ನಿಂತುಬಿಡುತ್ತಾನೆ. ಅದಕ್ಕಾಗಿಯೇ ಪೈಲಟ್ ಅನುದಾನ ಎಂಬುದು ಹುಟ್ಟಿತು. ಮೊತ್ತ ಚಿಕ್ಕದು, ಅವಧಿ ಸಾಮಾನ್ಯವಾಗಿ ಒಂದೆರಡು ವರ್ಷ. ಹೊಸ ವಿಚಾರವನ್ನು ಒಮ್ಮೆ ಪರೀಕ್ಷಿಸಿ ನೋಡಲು ಸಾಲುವಷ್ಟು. ಅಮೆರಿಕದಲ್ಲಿ ನೇಥನ್ ಶಾಕ್ ಎಂಬ ವಿಜ್ಞಾನಿಯ ಹೆಸರಿನಲ್ಲಿ 1995ರಲ್ಲಿ ಆರಂಭವಾದ ಕೇಂದ್ರಗಳು ಮುಪ್ಪಿನ ಜೀವಶಾಸ್ತ್ರಕ್ಕೆ ಇಂಥ ಅನುದಾನ ಕೊಡುತ್ತ ಬಂದಿವೆ. ನಮ್ಮ ದೇಶದಲ್ಲಿಯೂ 2025ರಲ್ಲಿ ಜೊಮ್ಯಾಟೊ ಸಂಸ್ಥಾಪಕ ದೀಪಿಂದರ್ ಗೋಯಲ್ ಈ ಸಂಶೋಧನೆಗೆಂದು 2.5 ಕೋಟಿ ಡಾಲರುಗಳ ನಿಧಿ ಘೋಷಿಸಿದರು.

ಇದನ್ನು ಓದುವಾಗ ನನಗೆ ನೆನಪಾದದ್ದು ಸಂತ ಲೂಕನ ಶುಭಸಂದೇಶದ ಅಂಜೂರದ ಮರ. ಮೂರು ವರ್ಷವಾದರೂ ಹಣ್ಣು ಬಿಡದ ಮರವನ್ನು ಯಜಮಾನ ಕಡಿಯಹೇಳುತ್ತಾನೆ. ತೋಟದ ಆಳು ಒಂದು ವರ್ಷದ ಗಡುವು ಕೇಳುತ್ತಾನೆ, ಬುಡ ಅಗೆದು ಗೊಬ್ಬರ ಹಾಕಿ ನೋಡುತ್ತೇನೆ ಎನ್ನುತ್ತಾನೆ. ಆಮೇಲೂ ಬಿಡದಿದ್ದರೆ ಕಡಿಯಲು ಒಪ್ಪುತ್ತಾನೆ. ಗಮನಿಸಿದಿರಾ? ಆ ಮರ ಕಡೆಗೆ ಹಣ್ಣು ಬಿಟ್ಟಿತೋ ಇಲ್ಲವೋ ಪ್ರಭು ಹೇಳುವುದೇ ಇಲ್ಲ. ಗೊಬ್ಬರ ಹಾಕಿದ್ದು ಸರಿಯೇ ಎಂಬುದನ್ನು ಹಣ್ಣಿನಿಂದ ಅಳೆಯುವಂತಿಲ್ಲ. ಆದರೆ ಗಡುವೂ ಇರಬೇಕು, ಬುಡ ಅಗೆಯುವ ಬೆವರೂ ಇರಬೇಕು. ಮರಳಿ ಬರದಿದ್ದರೂ ಚಿಂತೆಯಿಲ್ಲವೆಂದು ಕೊಡುವ ಈ ಹಣ ನನಗೆ ದಾನಕ್ಕೆ ಹತ್ತಿರವಾಗಿ ಕಾಣುತ್ತದೆ. ಮುಂದಿನ ತಿಂಗಳೇ ಮಾತ್ರೆ ಮಾರುಕಟ್ಟೆಗೆ ಬರಬೇಕು ಎನ್ನುವವನದು ದಾನವಲ್ಲ, ವ್ಯಾಪಾರ. ವ್ಯಾಪಾರ ಪಾಪವಲ್ಲ, ಆದರೆ ಅದನ್ನು ದಾನವೆಂದು ಕರೆಯಬಾರದು.

ಒಂದು ಮಾತು ಇಲ್ಲಿಯೇ ಸೇರಿಸಬೇಕು. ಫಲಿಸದ ಪ್ರಯೋಗ ದಂಡವಲ್ಲ. ಫಲಿಸಲಿಲ್ಲವೆಂದು ಹೇಳದೆ ಮುಚ್ಚಿಡುವುದು ದಂಡ. ಹಿಂದೆ ಹೋದವನು ಹಳ್ಳ ತೋರಿಸದಿದ್ದರೆ ಮುಂದೆ ಬರುವವನು ಅದೇ ಹಳ್ಳಕ್ಕೆ ಬೀಳುತ್ತಾನೆ, ಇನ್ನೊಬ್ಬರ ಹಣವನ್ನೂ ಬೀಳಿಸುತ್ತಾನೆ. ಏಳನೆಯ ಆಜ್ಞೆ ಇಂಥ ಮೌನಕ್ಕೂ ಅನ್ವಯಿಸುತ್ತದೆಂದೇ ನನ್ನ ಅಭಿಪ್ರಾಯ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ದಾಗ ಒಬ್ಬ ಅಜ್ಜಿ, 'ಸ್ವಾಮಿ, ಇನ್ನೂ ಯಾಕೆ ಇಟ್ಟಿದ್ದಾನೆ ದೇವರು ನನ್ನ?' ಎಂದು ಕೇಳಿದರು. ಮೊಣಕಾಲು ಬಾತಿತ್ತು, ಕಣ್ಣಿಗೆ ಪೊರೆ ಬಂದಿತ್ತು, ಮಕ್ಕಳು ಕೆಲಸಕ್ಕೆಂದು ಬೇರೆ ಊರು ಸೇರಿದ್ದರು. ಇವರಿಗೆ ಇನ್ನೂ ಮೂವತ್ತು ವರ್ಷ ಸೇರಿಸಿದರೆ ಅದು ವರವೋ ಶಾಪವೋ? 2010ರ ಪಾಸ್ಖ ಜಾಗರಣೆಯ ಪ್ರಬೋಧನೆಯಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಇದನ್ನೇ ಎತ್ತಿಕೊಂಡಿದ್ದರು. ಸಾವನ್ನು ಮುಂದೂಡುವ ಮದ್ದು ಸಿಕ್ಕಿತೆನ್ನಿ; ಲೋಕವೆಲ್ಲ ಮುದಿಯಾಗಿ ಎಳೆಯರಿಗೆ ಜಾಗವೇ ಇಲ್ಲದಂತಾದೀತು, ಕೊನೆಯಿಲ್ಲದ ಬದುಕು ಸ್ವರ್ಗವಾಗದೆ ಶಿಕ್ಷೆಯಾದೀತು ಎಂಬುದು ಅವರ ಮಾತಿನ ಸಾರ. ನಿತ್ಯಜೀವವೆಂದರೆ ಇದೇ ಬದುಕನ್ನು ಉದ್ದಕ್ಕೆ ಎಳೆಯುವುದಲ್ಲ; ಬೇರೆಯೇ ಬಗೆಯ ಬದುಕು ಅದು.

ಹಾಗಾದರೆ ಪ್ರಯೋಗಾಲಯಗಳಿಗೆ ಬೀಗ ಹಾಕಬೇಕೇ? ನಾನು ಹಾಗೆ ಹೇಳಲಾರೆ. ಪ್ರಭು ಯೇಸು ಲಾಜರನನ್ನು ಎಬ್ಬಿಸಿದರು. ಲಾಜರ ಮತ್ತೊಮ್ಮೆ ಸತ್ತನು. ಕುರುಡ ಬಾರ್ತಿಮಾಯನಿಗೆ ಕಣ್ಣು ಬಂತು. ಆ ಕಣ್ಣುಗಳೂ ಒಂದು ದಿನ ಮುಚ್ಚಿದವು. ಅಷ್ಟರಿಂದ ಆ ಅದ್ಭುತಗಳು ವ್ಯರ್ಥವಾದವೇ? ಮುಪ್ಪು ಪಾಪವಲ್ಲ, ರೋಗವೂ ಅಲ್ಲ, ಆದರೆ ಅನೇಕ ರೋಗಗಳು ಅದರ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಆ ಬಾಗಿಲು ಹೇಗೆ ತೆರೆಯುತ್ತದೆಂದು ನೋಡುವವನು ದೇವರ ವಿರೋಧಿಯಲ್ಲ. ಆಯುಷ್ಯದ ಉದ್ದ ಒಂದು, ಆರೋಗ್ಯದಿಂದಿರುವ ಕಾಲ ಇನ್ನೊಂದು. ಎರಡನೆಯದನ್ನು ಹೆಚ್ಚಿಸುವ ಪ್ರಯತ್ನಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಸಾವಿಗೆ ಹೆದರಿದ ಸಿರಿವಂತ ಮೊದಲನೆಯದಕ್ಕಾಗಿ ಹಣ ಸುರಿಯುವುದನ್ನು ಕಂಡರೆ ಕಣಜ ಒಡೆದು ದೊಡ್ಡದಾಗಿ ಕಟ್ಟಲು ಹೊರಟ ಸಾಮತಿಯ ಧನಿಕನೇ ನೆನಪಾಗುತ್ತಾನೆ.

ನಮ್ಮ ರಾಜ್ಯದಲ್ಲೇ ಎರಡು ಕೆಲಸಗಳು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2024ರಲ್ಲಿ 'ಲಾಂಜೆವಿಟಿ ಇಂಡಿಯಾ' ಆರಂಭವಾಯಿತು. ಆರೋಗ್ಯವಂತ ಭಾರತೀಯರ ಮೈ ವಯಸ್ಸಾದಂತೆ ಹೇಗೆ ಬದಲಾಗುತ್ತದೆಂದು ಅಳೆಯುವುದು ಅದರ ಒಂದು ಮುಖ್ಯ ಉದ್ದೇಶ. ಪಶ್ಚಿಮದವರ ರಕ್ತದಿಂದ ತೆಗೆದ ಅಳತೆಗೋಲು ನಮಗೆ ಸರಿಹೊಂದೀತೆಂದು ಹೇಳುವಂತಿಲ್ಲವಲ್ಲ. ಇನ್ನೊಂದು, ಅದೇ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ್ದು. ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ 225 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ ಈ ಕೇಂದ್ರ ಎದ್ದು ನಿಂತಿತು. 2018ರಿಂದ ಅದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ರಕ್ತ, ಮಿದುಳಿನ ಚಿತ್ರಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸುತ್ತಿದೆ. ಹತ್ತು ಸಾವಿರ ಜನರನ್ನು ಸೇರಿಸುವುದು ಗುರಿ. ಹಳ್ಳಿಯ ಬೇಸಾಯಗಾರರ ಬಳಿಗೆ ಹೋದದ್ದು ನನಗೆ ಮೆಚ್ಚಿಗೆಯಾಯಿತು.

ಆದರೂ ನ್ಯಾಯದ ಪ್ರಶ್ನೆ ಕಾಡುತ್ತದೆ. ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರ ಸರ್ಕಾರದ ಪಾಲು, 80 ದಾಟದವರಿಗೆ, ತಿಂಗಳಿಗೆ 200 ರೂಪಾಯಿ ಎಂದು ನಿಗದಿಯಾಗಿ ಹದಿನೈದು ವರ್ಷ ಮೀರಿದರೂ ಅಲ್ಲಿಯೇ ನಿಂತಿತ್ತು. ರಾಜ್ಯ ತನ್ನ ಪಾಲು ಸೇರಿಸಿದರೂ ಅದು ಔಷಧಿಗೆ ಸಾಲುವ ಹಣವಲ್ಲ. ಒಂದು ಕಡೆ ಕೋಟಿಗಳ ನಿಧಿ, ಇನ್ನೊಂದು ಕಡೆ ಇದು. ಸಂಶೋಧನೆಯ ಹಣ ನಿಲ್ಲಿಸಿದರೆ ಅದು ಪಿಂಚಣಿಗೆ ಬಂದುಬಿಡುತ್ತದೆಂದು ನಾನು ನಂಬುವುದಿಲ್ಲ. ಅದು ಹೆಚ್ಚಾಗಿ ಬೇರೆ ಯಾವುದೋ ವೈಭವಕ್ಕೆ ಹೋಗುತ್ತದೆ. ಆದ್ದರಿಂದ ಇದನ್ನು ಕಿತ್ತು ಅದಕ್ಕೆ ಕೊಡಿ ಎನ್ನುವುದಕ್ಕಿಂತ, ಬರುವ ಫಲದಲ್ಲಿ ಪಾಲು ಕೇಳುವುದೇ ಮೇಲು.

ಗೋಪಾಲಸ್ವಾಮಿ ಬೆಟ್ಟದಿಂದ ಇಳಿದು ಬರುವಾಗ ಜುಲೈ, ಆಗಸ್ಟ್ ತಿಂಗಳಲ್ಲಿ ಗುಂಡ್ಲುಪೇಟೆಯ ಹೊಲಗಳು ಚೆಂಡು ಹೂವಿನಿಂದ ಹೊನ್ನಾಗಿರುತ್ತವೆ. ಚೆಂಡು ಹೂವು ಹಾರಕ್ಕೆ ಮಾತ್ರವಲ್ಲ, ಲೂಟೀನ್ ಎಂಬ ಹಳದಿ ಬಣ್ಣ ತೆಗೆಯಲೂ ಬೇಕು. ವಯಸ್ಸಾದವರ ಕಣ್ಣಿನ ಪಟಲ ಸವೆಯುವ ರೋಗಕ್ಕೆ ಕೊಡುವ ಮಾತ್ರೆಗಳಲ್ಲಿ ಆ ಬಣ್ಣವಿರುತ್ತದೆ. ಬಿಸಿಲಿನಲ್ಲಿ ಬಗ್ಗಿ ಹೂ ಕೀಳುವ ಅರವತ್ತರ ಹೆಂಗಸಿನ ಕಣ್ಣನ್ನು ಒಮ್ಮೆಯಾದರೂ ಯಾರಾದರೂ ಪರೀಕ್ಷಿಸಿದ್ದಾರೆಯೇ? ಹೂ ಅವಳದು, ಮಾತ್ರೆ ಇನ್ನಾರದೋ. ನಾಳೆ ರಕ್ತವೂ ಹಾಗಾಗಬಾರದು.

ಆದ್ದರಿಂದ, ಓದುಗರೇ, ಸಂಶೋಧಕರು ನಿಮ್ಮ ಮನೆಗೂ ಬಂದರೆ ಬಾಗಿಲು ಹಾಕಬೇಡಿ. ಕೂರಿಸಿ, ಕಾಫಿ ಕೊಡಿ. ಹೆಬ್ಬೆಟ್ಟು ಒತ್ತುವ ಮೊದಲು ಕಾಗದವನ್ನು ಕನ್ನಡದಲ್ಲಿ ಓದಿಸಿಕೊಳ್ಳಿ. ತಂದೆಯ ರಕ್ತದಲ್ಲಿ ಏನಾದರೂ ತೊಂದರೆ ಕಂಡರೆ ನಮಗೆ ತಿಳಿಸುವಿರಾ, ಚಿಕಿತ್ಸೆಗೆ ಯಾರ ಬಳಿ ಕಳಿಸುವಿರಿ, ಬೇಡವೆನಿಸಿದರೆ ನಡುವೆ ಬಿಡಬಹುದೇ ಎಂದು ಕೇಳಿ. ಇವನ್ನು ಕೇಳುವ ಹಕ್ಕು ನಿಮಗಿದೆ. ಉತ್ತರಿಸುವುದು ಅವರ ಕರ್ತವ್ಯ. ಒಪ್ಪಿದರೂ, ಒಪ್ಪದಿದ್ದರೂ, ಉತ್ತರವನ್ನು ಮೊದಲು ಜಗುಲಿಯ ಮೇಲೆ ಕುಳಿತ ತಂದೆಯೇ ಹೇಳಲಿ. ರಕ್ತ ಅವರದು.