ಶುದ್ಧಿ ಎಲ್ಲಿ ನಡೆಯುತ್ತದೆ?

ಆಟಿ ಅಮಾವಾಸ್ಯೆಯ ದಿನ ತುಳುನಾಡಿನ ಮನೆಗಳಲ್ಲಿ ಎದ್ದವರ ಬಾಯಿಗೆ ಮೊದಲು ಬೀಳುವುದು ಪಾಲೆ ಕಷಾಯ. ಬೆಳಕು ಹರಿಯುವ ಮೊದಲೇ ಯಾರಾದರೂ ಗುಡ್ಡಕ್ಕೆ ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ಹಾಳೆ ಮರದ ತೊಗಟೆ ತರಬೇಕು. ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು, ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಬಿಟ್ಟು ಒಗ್ಗರಣೆ ಕೊಡುತ್ತಾರೆ. ಕುಡಿದ ಮೇಲೆ ಕಹಿ ಬಹಳ ಹೊತ್ತು ನಾಲಿಗೆ ಬಿಡುವುದಿಲ್ಲ. ಉಷ್ಣ ತಣಿಯಲೆಂದು ಹಿಂದೆಯೇ ಮೆಂತೆ ಗಂಜಿ ಬರುತ್ತದೆ. ಅದರ ಜೊತೆಗೆ ಹೊಟ್ಟೆಯಲ್ಲಿ ಕೂತಿದ್ದ ನಂಜೆಲ್ಲ ಹೋಯಿತು ಎಂಬ ಸಮಾಧಾನವೂ ಬರುತ್ತದೆ.

ಈ ತೊಗಟೆ ಬರೀ ನಂಬಿಕೆಯ ವಸ್ತುವಲ್ಲ. ಸಪ್ತಪರ್ಣವೆಂಬ ಹೆಸರಿನಲ್ಲಿ ಆಯುರ್ವೇದಕ್ಕೆ ಅದು ಹಳೆಯ ಪರಿಚಯ. ಜ್ವರಕ್ಕೂ ಭೇದಿಗೂ ಬಳಸಿದ್ದಾರೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ಬೆಳಗಿನ ಕಹಿಗೆ ಒಂದು ವರ್ಷದ ಊಟವನ್ನು ತೊಳೆಯುವ ಶಕ್ತಿಯಿದೆ ಎಂದು ನಾವೇಕೆ ಇಷ್ಟು ಆಸೆಯಿಂದ ನಂಬುತ್ತೇವೆ? ನಗರದಲ್ಲಿ ಬೆಳಿಗ್ಗೆ ಉದ್ಯಾನದ ಗೇಟಿನ ಬಳಿ ನಿಂತು ಹಾಗಲಕಾಯಿ ರಸ, ಸೋರೆಕಾಯಿ ರಸ ಕುಡಿಯುವವರಲ್ಲೂ ಇರುವುದು ಅದೇ ಆಸೆ. ಕಹಿಯಾದದ್ದು ಒಳಗನ್ನು ತೊಳೆಯುತ್ತದೆ, ಕಷ್ಟಪಟ್ಟು ನುಂಗಿದ್ದು ಪುಣ್ಯ ಕೊಡುತ್ತದೆ ಎಂಬ ಲೆಕ್ಕ ನಮ್ಮೊಳಗೆ ಎಲ್ಲೋ ಆಳದಲ್ಲಿ ಕೂತಿದೆ.

ಅದೇ ಆಟಿ ತಿಂಗಳಲ್ಲಿ ಅದೇ ಮನೆಯ ಅಡುಗೆಕೋಣೆಯಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಮಳೆಗೆ ಮೊಳೆತ ಎಳೆ ಬಿದಿರನ್ನು, ಅಂದರೆ ಕಣಿಲೆಯನ್ನು, ಹೆಚ್ಚಿ ನೀರಿನಲ್ಲಿ ಮುಳುಗಿಸಿ ಇಡುತ್ತಾರೆ. ಮರುದಿನ ಆ ನೀರು ಚೆಲ್ಲಿ ಹೊಸ ನೀರು. ಅದರ ಮರುದಿನ ಮತ್ತೆ. ಹಾಗೆ ಎರಡು ಮೂರು ದಿನ ಕಳೆದ ಮೇಲೆಯೇ ಅದು ಒಲೆಗೆ ಬರುವುದು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ನೆನೆಸುವುದರಿಂದಲೂ ಕುದಿಸುವುದರಿಂದಲೂ ಅದು ಇಳಿಯುತ್ತದೆ ಎಂದು ಈಗ ರಸಾಯನಶಾಸ್ತ್ರ ವಿವರಿಸುತ್ತದೆ. ಸಯನೈಡಿನ ಹೆಸರು ಕೇಳದ ಹೆಂಗಸರು ಇದನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಬಂದರು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಅದರಿಂದ ಮಾಡುವ ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಬೀಳುವುದು, ಹೊತ್ತು ಕಳೆದು ಬೇಯುವುದು ಗಂಟಲು ತುರಿಸಬಾರದೆಂದೇ. ಸೌತೆಕಾಯಿಯ ತೊಟ್ಟು ಕೊಯ್ದವರು ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡುತ್ತಿದ್ದರು. ಕಹಿ ಇದ್ದರೆ ಅದು ದನದ ಕೊಟ್ಟಿಗೆಗೂ ಹೋಗುತ್ತಿರಲಿಲ್ಲ, ನೇರ ಗೊಬ್ಬರದ ಗುಂಡಿಗೆ.

ಆ ಚೂರಿನ ಬೆಲೆ ದೊಡ್ಡದು. ಕಹಿ ಸೋರೆಕಾಯಿಯ ರಸ ಕುಡಿದು ರಕ್ತ ವಾಂತಿ ಮಾಡಿಕೊಂಡವರಿದ್ದಾರೆ, ಸತ್ತವರೂ ಇದ್ದಾರೆ. ಕಹಿಯಿದ್ದರೆ ಆ ರಸವನ್ನು ಕುಡಿಯಲೇಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೇ ಎಚ್ಚರಿಕೆ ಕೊಡಬೇಕಾಯಿತು. ಕಷಾಯದ ವಿಷಯದಲ್ಲೂ ಹಾಗೆಯೇ. ಕತ್ತಲಲ್ಲಿ ಹಾಳೆ ಮರವೆಂದು ಕಾಸರಕನ ತೊಗಟೆ ತಂದರೆ ಬಟ್ಟಲಲ್ಲಿರುವುದು ಸ್ಟ್ರಿಕ್ನಿನ್ ವಿಷ. ಎರಡೂ ಕಹಿಯೇ. ಉಗುಳು ಎಂದು ನಾಲಿಗೆ ಹೇಳಿದ್ದನ್ನು, ಒಳ್ಳೆಯದಕ್ಕೇ ಕಹಿಯಾಗಿದೆ ಎಂದು ನಾವೇ ಸಮಾಧಾನ ಹೇಳಿಕೊಂಡು ನುಂಗುತ್ತೇವೆ.

ಹಾಗಾದರೆ ನುಂಗಿದ ಮೇಲೆ ಒಳಗೆ ಏನಾಗುತ್ತದೆ? ನಾವು ಮಲಗಿದ್ದಾಗಲೂ ಪಿತ್ತಜನಕಾಂಗ ಎಚ್ಚರವಾಗಿರುತ್ತದೆ. ಅಮೋನಿಯಾವನ್ನು ಯೂರಿಯಾ ಮಾಡುತ್ತದೆ, ಮದ್ಯವನ್ನು ಹಂತಹಂತವಾಗಿ ಒಡೆಯುತ್ತದೆ. ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಮೂತ್ರಪಿಂಡ. ಅದು ಕೊಳೆಯನ್ನು ಹುಡುಕಿ ಹೆಕ್ಕಿ ಎಸೆಯುತ್ತದೆ ಎಂದು ನಾವು ಭಾವಿಸುತ್ತೇವೆ. ಬಹುಪಾಲು ನಡೆಯುವುದು ತಿರುವುಮುರುವು. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು, ಬೇಕಾದ್ದು ಬೇಡವಾದ್ದು ಎನ್ನದೆ, ರಕ್ತದಿಂದ ಹೊರಗೆ ಸೋಸಿಬಿಡುತ್ತದೆ. ಆಮೇಲೆ ಸಕ್ಕರೆ, ಉಪ್ಪು, ನೀರು ಎಂದು ಬೇಕಾದ್ದನ್ನೆಲ್ಲ ಒಳಗೆ ಕರೆದುಕೊಳ್ಳುತ್ತದೆ. ಕೊನೆಗೆ ಒಂದೂವರೆ ಎರಡು ಲೀಟರ್ ಹೊರಗೇ ಉಳಿಯುತ್ತದೆ. ದೀಪಾವಳಿಗೆ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಬೇಕಾದ್ದನ್ನಷ್ಟೇ ಒಳಗೆ ಒಯ್ಯುವ ಗೃಹಿಣಿಯ ಕ್ರಮ ಅದು. ಇಲ್ಲಿ ಯಾವುದನ್ನು ಬಿಡಬೇಕು ಎಂಬುದಕ್ಕಿಂತ ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಅರಿವೇ ಮುಖ್ಯ. ಇದನ್ನು ತಿಳಿದಾಗಿನಿಂದ ಪಥ್ಯದ ಬಗ್ಗೆ ನನ್ನ ಯೋಚನೆ ಬೇರೆಯಾಗಿದೆ. ಸಕ್ಕರೆ ಬೇಡ, ಮೈದಾ ಬೇಡ, ಕರಿದದ್ದು ಬೇಡ ಎಂಬ ಬೇಡಗಳ ಪಟ್ಟಿ ಹಿಡಿದು ಹೊರಟವರು ಬೇಗ ದಣಿಯುತ್ತಾರೆ. ರಾಗಿ ಅಂಬಲಿಯ ರುಚಿ, ಬಾಯಾರಿಕೆಗೆ ಬರೀ ನೀರಿನ ರುಚಿ, ಬಸಳೆ ಹುಳಿಯ ರುಚಿ ನಿಜವಾಗಿ ಹತ್ತಿದವರಿಗೆ ಉಳಿದದ್ದು ತಾನಾಗಿ ಅಂಗಳದಲ್ಲೇ ಉಳಿಯುತ್ತದೆ.

ಈ ಅಂಗಗಳಿಗೆ ನಾವು ಕೊಡಬಹುದಾದ ನೆರವೆಂದರೆ ಬಿಡುವು. ಸಕ್ಕರೆ ಪಾನೀಯವೂ ಮದ್ಯವೂ ಮಿತಿಮೀರಿದರೆ ಪಿತ್ತಜನಕಾಂಗದಲ್ಲಿ ಕೊಬ್ಬು ಕೂರುತ್ತದೆ. ಕಡಿಮೆ ಮಾಡಿದರೆ ಆರಂಭದ ಹಂತದಲ್ಲಿ ಅದು ಕರಗಲೂಬಹುದು. ನಮ್ಮ ಹಳೆಯ ವ್ರತಗಳು ಈ ಬಿಡುವನ್ನು ಪಂಚಾಂಗದೊಳಗೇ ಇಟ್ಟಿವೆ. ಮಾಧ್ವ ಮನೆಗಳ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಜೈನರ ಮನೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಇವನ್ನು ಔಷಧವೆಂದು ಕರೆದರೆ ಅವುಗಳಿಗೇ ಅನ್ಯಾಯ. ವ್ರತ ಹಿಡಿದವರು ದೇಹ ಹೊಲಸಾಗಿದೆ ಎಂದು ಹೊರಡಲಿಲ್ಲ. ಇಷ್ಟವಾದದ್ದನ್ನು ಮುಂದಿಟ್ಟರೂ ಕೈ ಚಾಚದೆ ಇರಬಲ್ಲೆನೇ ಎಂದು ತಮ್ಮನ್ನು ತಾವೇ ಕೇಳಿಕೊಂಡರು. ವಾರವಿಡೀ ಎಗ್ಗಿಲ್ಲದೆ ತಿಂದು ಭಾನುವಾರ ರಸ ಕುಡಿಯುವಾಗ ಆ ಪ್ರಶ್ನೆ ಬರುವುದೇ ಇಲ್ಲ. ಅಲ್ಲಿರುವುದು ಪಶ್ಚಾತ್ತಾಪ, ಅದಕ್ಕೆ ದೇಹ ಶಿಕ್ಷೆ ಅನುಭವಿಸುತ್ತದೆ.

ಇಷ್ಟು ಹೇಳಿದ ಮೇಲೂ ಮನಸ್ಸು ಹಗುರಾಗುವುದಿಲ್ಲ, ಏಕೆಂದರೆ ಕೊಕ್ಕಡ ನೆನಪಾಗುತ್ತದೆ. ಅದೇ ಪಾಲೆ ಕಷಾಯದ ನಾಡು. ಬೆಳ್ತಂಗಡಿ ತಾಲೂಕಿನ ಆ ಸುತ್ತಿನಲ್ಲಿ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ತೋಟದ ಪಕ್ಕದ ಮನೆಗಳಲ್ಲಿ ಅಂಗವೈಕಲ್ಯದ ಮಕ್ಕಳು ಹುಟ್ಟಿದರು. ಎಷ್ಟೋ ತಾಯಂದಿರು ಬೆಳೆದ ಮಕ್ಕಳನ್ನು ಇನ್ನೂ ಎತ್ತಿಕೊಂಡೇ ಸ್ನಾನ ಮಾಡಿಸುತ್ತಾರೆ. ಆ ಮನೆಗಳಲ್ಲೂ ಕಣಿಲೆಯ ನೀರು ಬದಲಿಸುತ್ತಿದ್ದರು, ಕೆಸುವಿಗೆ ಹುಳಿ ಹಾಕುತ್ತಿದ್ದರು, ಆಟಿಯ ಕಹಿ ಕುಡಿಯುತ್ತಿದ್ದರು. ಮೇಲಿನಿಂದ ಬಾವಿಗೆ ಬಿದ್ದದ್ದನ್ನು ಯಾವ ಅಡುಗೆಯೂ ಯಾವ ಕಷಾಯವೂ ತೊಳೆಯಲಿಲ್ಲ. ಅಲ್ಲಿ ಬೇಕಾಗಿದ್ದ ಶುದ್ಧಿ ನಡೆದದ್ದು ಅರ್ಜಿ ಬರೆದವರಿಂದ, ಧರಣಿ ಕೂತವರಿಂದ, ಕೊನೆಗೆ 2011ರಲ್ಲಿ ಆ ವಿಷವನ್ನು ತಡೆದ ಸುಪ್ರೀಂ ಕೋರ್ಟಿನ ಆದೇಶದಿಂದ.

ಕೀಟನಾಶಕದ ಡಬ್ಬಿಯ ಜೊತೆಗೆ ಬರುವ ಕಾಗದದಲ್ಲಿ, ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂದು ಅಚ್ಚು ಹಾಕಿರುತ್ತಾರೆ. ಕಣಿಲೆಯ ಪಾತ್ರೆಯ ಮುಂದೆ ಅಜ್ಜಿ ಕಾದ ದಿನಗಳಿಗಿಂತ ಇದರ ಮಹತ್ವ ಕಡಿಮೆಯಲ್ಲ. ಆದರೆ ತರಕಾರಿ ಅಂಗಡಿಯಲ್ಲಿ ನಿಂತು, ಈ ಬದನೆಗೆ ಮದ್ದು ಹೊಡೆದು ಎಷ್ಟು ದಿನವಾಯಿತು ಎಂದು ಕೇಳಿದರೆ ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಅವನಿಗೆ ಕೊಟ್ಟ ಮಂಡಿಯವನಿಗೂ ಗೊತ್ತಿಲ್ಲ. ಗೊತ್ತಿರುವ ಒಬ್ಬನೇ ಮನುಷ್ಯ ದೂರದ ಹೊಲದಲ್ಲಿದ್ದಾನೆ. ಈ ವಾರದ ದರ ಮುಂದಿನ ವಾರ ಸಿಗದಿದ್ದರೆ ಸಾಲದ ಕಂತು ಕಟ್ಟುವುದು ಹೇಗೆಂಬ ಚಿಂತೆಯಲ್ಲಿ, ಆ ಕಾಗದದ ದಿನಗಳನ್ನು ಅವನು ಕಾಯಬಲ್ಲನೇ ಎಂದು ನಾವು ಇನ್ನೂ ಕೇಳಿಲ್ಲ.